ಗೋಧಿ ಬಣ್ಣದ ಸಿನಿಮಾವೂ ಅಮ್ಮನ ರುಜುವೂ

ಸಿನಿಮಾ ವಿಮರ್ಶೆ ನನ್ನ ಕಸುಬಲ್ಲ. ಮೂವತ್ತು ವರ್ಷಗಳಿಂದ ಹೈಸ್ಕೂಲು ಮಕ್ಕಳಿಗೆ ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಕಲಿಸುತ್ತ ಬಂದವಳು ನಾನು. ಪದ್ಯದ ಭಾವಾರ್ಥ ಬರೆಸಿ, ಕೆಂಪು ಶಾಯಿಯಲ್ಲಿ ಅಂಕ ಹಾಕಿ ಗೊತ್ತೇ ಹೊರತು, ಕ್ಯಾಮೆರಾ ಎಲ್ಲಿಟ್ಟರೆ ಏನಾಗುತ್ತದೆ ಎಂಬುದೆಲ್ಲ ನನಗೆ ತಿಳಿಯದು. ಆದರೂ ಒಂದು ಸಿನಿಮಾದ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿದೆ. ಅದನ್ನು ನಾನು ಮೊದಲ ಸಲ ನೋಡಿದ್ದು ನಮ್ಮಮ್ಮನ ಪಕ್ಕದಲ್ಲಿ ಕುಳಿತು. ಆವತ್ತು ಅಮ್ಮ ಆಡಿದ ಒಂದು ಮಾತಿಗೆ ನಾನು ಕೊಟ್ಟ ಉತ್ತರ ಈಗಲೂ ನನ್ನನ್ನು ಬಿಟ್ಟಿಲ್ಲ. ಹಾಗಾಗಿ ಇದು ಅರ್ಧ ಸಿನಿಮಾದ ವಿಮರ್ಶೆ, ಉಳಿದರ್ಧ ನನ್ನದೇ ವಿಮರ್ಶೆ ಎಂದು ಓದುಗರು ತಿಳಿದರೆ ತಪ್ಪಿಲ್ಲ.

ಸಿನಿಮಾ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. 2016ರಲ್ಲಿ ಬಂದದ್ದು. ಹೇಮಂತ್ ರಾವ್ ಅವರ ನಿರ್ದೇಶನದ ಮೊದಲ ಚಿತ್ರ. ಥಿಯೇಟರಿನಲ್ಲಿ ನೋಡಲಾಗಿರಲಿಲ್ಲ. 2017ರ ದೀಪಾವಳಿ ರಜೆಯಲ್ಲಿ ತೀರ್ಥಹಳ್ಳಿಯ ಹತ್ತಿರದ ತವರುಮನೆಗೆ ಹೋಗಿದ್ದಾಗ ಟಿ.ವಿ.ಯಲ್ಲಿ ಬಂತು. ಅಮ್ಮ ಅಡಿಕೆ ಹೋಳು ಮಾಡುತ್ತಾ ಗೋಡೆಗೊರಗಿ ಕೂತಿದ್ದರು. ಅನಂತ್ ನಾಗ್ ಕಾಣಿಸಿದ್ದೇ ತಡ, “ಇವ್ನು ‘ಬಯಲು ದಾರಿ’ ಹುಡುಗ ಅಲ್ವನೇ? ಎಷ್ಟು ವಯಸ್ಸಾಗಿ ಹೋಯ್ತು ಪಾಪ!” ಎಂದರು. ‘ಬಯಲು ದಾರಿ’ ಬಂದದ್ದು 1976ರಲ್ಲಿ. ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗಿ ಆ ಸಿನಿಮಾ ನೋಡಿದ್ದನ್ನು, ಬರುವಾಗ ಮಂಡಗದ್ದೆಯಲ್ಲಿ ಬಸ್ಸು ಕೆಟ್ಟು ನಿಂತದ್ದನ್ನು ಅಮ್ಮ ವಿವರವಾಗಿ ಹೇಳಿದರು. ಅದೇ ಅಮ್ಮ ಆ ಬೆಳಿಗ್ಗೆ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದರು. ಮೂರು ವರ್ಷದ ಹಿಂದೆ ಮಾರಿದ್ದ ಹಸುವಿಗೆ ಹುಲ್ಲು ಹಾಕಿ ಆಯಿತೇ ಎಂದು ಕೇಳಿದ್ದರು. ನಾವು ನಕ್ಕಿದ್ದೆವು. “ಅರವತ್ತಕ್ಕೆ ಅರಳುಮರಳು ಅಂತಾರೆ, ನಿಂಗೆ ಎಪ್ಪತ್ಮೂರಕ್ಕೆ ಶುರುವಾಯ್ತು” ಎಂದು ತಮ್ಮ ತಮಾಷೆ ಮಾಡಿದ್ದ. ಅಮ್ಮನೂ ನಕ್ಕಿದ್ದರು.

ಕತೆಯನ್ನು ಗೊತ್ತಿಲ್ಲದವರಿಗಾಗಿ ಎರಡು ಮಾತಿನಲ್ಲಿ ಹೇಳುತ್ತೇನೆ. ವೆಂಕೋಬ ರಾವ್ ಎಂಬ ವೃದ್ಧರಿಗೆ ಆಲ್ಝೈಮರ್ ಕಾಯಿಲೆ. ಹೆಂಡತಿ ತೀರಿಕೊಂಡಿದ್ದಾರೆ. ಬೆಂಗಳೂರಿನ ಒಂದು ಆರೈಕೆ ಕೇಂದ್ರದಲ್ಲಿ ಇದ್ದಾರೆ. ಒಬ್ಬನೇ ಮಗ ಶಿವ ಮುಂಬಯಿಯಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ. ಅಪ್ಪನ ಮೇಲೆ ಅವನಿಗೆ ಪ್ರೀತಿಗಿಂತ ಅಸಹನೆಯೇ ಹೆಚ್ಚು. ಊರಿಗೆ ಬಂದವನು ಅಪ್ಪನನ್ನು ಹೊರಗೆ ಕರೆದುಕೊಂಡು ಹೋಗಿ, ಸ್ವಲ್ಪ ಗಮನ ತಪ್ಪಿದಾಗ ಕಳೆದುಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಎರಡು ದಾರಿ. ಒಂದರಲ್ಲಿ ಮಗ, ಆರೈಕೆ ಕೇಂದ್ರದ ಡಾಕ್ಟರ್ ಸಹನಾ ಜೊತೆಗೆ ಅಪ್ಪನನ್ನು ಹುಡುಕುತ್ತಾನೆ. ಇನ್ನೊಂದರಲ್ಲಿ ಅಪ್ಪ, ಕೊಲೆ ಮಾಡಿ ಹೆಣ ಸಾಗಿಸುತ್ತಿರುವ ರಂಗ ಎಂಬುವನ ಗುಂಪಿನ ಕೈಗೆ ಸಿಕ್ಕಿ, ಕುಮಾರ್ ಎಂಬ ಸಾಮಾನ್ಯ ಸಂಸಾರಸ್ಥನ ಮನೆಯಲ್ಲಿ ಒತ್ತೆಯಾಳಾಗಿ ಸೇರಿಕೊಳ್ಳುತ್ತಾರೆ.

ಮೊದಲಿಗೆ ಅದರ ಒಳ್ಳೆಯದನ್ನು ಹೇಳಿಬಿಡಬೇಕು, ಅದು ಬಹಳವಿದೆ. ಹೆಸರನ್ನೇ ನೋಡಿ. ಕಾಣೆಯಾದವರ ಬಗ್ಗೆ ಪತ್ರಿಕೆಗಳಲ್ಲಿ ಬರುವ ಪ್ರಕಟಣೆಯ ಮಾತು ಅದು. ಗೋಧಿ ಬಣ್ಣ, ಸಾಧಾರಣ ಮೈಕಟ್ಟು, ಕನ್ನಡ ಮಾತನಾಡುತ್ತಾರೆ, ಮನೆ ಬಿಟ್ಟಾಗ ಇಂಥ ಅಂಗಿ ತೊಟ್ಟಿದ್ದರು. ಆ ವರ್ಣನೆಗೆ ನಮ್ಮ ರಾಜ್ಯದ ಅರ್ಧ ಜನ ಹೊಂದುತ್ತಾರೆ. ಇಪ್ಪತ್ತೈದು ವರ್ಷ ಒಂದೇ ಮನೆಯಲ್ಲಿದ್ದ ಮಗನಿಗೂ ಅಪ್ಪನ ಬಗ್ಗೆ ಅದಕ್ಕಿಂತ ಹೆಚ್ಚು ಹೇಳಲು ಬಾರದು ಎಂಬುದು ಈ ಚಿತ್ರ ಎತ್ತಿದ ನಿಜವಾದ ಮಾತು. ಹುಡುಕುತ್ತ ಹುಡುಕುತ್ತ ಅವನಿಗೆ ಅಪ್ಪ ಯಾರೆಂಬುದು ತಿಳಿಯುತ್ತ ಹೋಗುತ್ತದೆ. ಅಪ್ಪ ಒಬ್ಬ ಪ್ರೇಮಿಯಾಗಿದ್ದ, ಅಮ್ಮನನ್ನು ಅಷ್ಟೊಂದು ಹಚ್ಚಿಕೊಂಡಿದ್ದ ಎಂಬ ಸುದ್ದಿ ಮಗನಿಗೆ ಹೊರಗಿನವರಿಂದ ಗೊತ್ತಾಗುತ್ತದೆ. ನಮ್ಮಲ್ಲಿ ಎಷ್ಟು ಮನೆಗಳ ಕತೆ ಇದು!

ಅನಂತ್ ನಾಗ್ ಅವರ ಅಭಿನಯದ ಬಗ್ಗೆ ಹೊಸದಾಗಿ ಹೇಳುವಂಥದ್ದೇನಿಲ್ಲ. ಆದರೆ ಮರೆವಿನ ಕಾಯಿಲೆಯವರ ಜೊತೆ ಬದುಕಿದವಳಾಗಿ ಒಂದು ಸಾಕ್ಷಿ ಹೇಳಬಲ್ಲೆ. ಅವರು ಎಲ್ಲಿಯೂ ಕನಿಕರ ಬೇಡುವುದಿಲ್ಲ. ಈ ಕಾಯಿಲೆಯವರು ಸದಾ ಬಾಯಿ ಬಿಟ್ಟು ಶೂನ್ಯ ದಿಟ್ಟಿಸುತ್ತಾ ಕೂರುತ್ತಾರೆಂದು ಸಿನಿಮಾದವರು ತಿಳಿದಿರುತ್ತಾರೆ. ಹಾಗಲ್ಲ. ಅವರು ಮರ್ಯಾದೆಯಿಂದ ನಗುತ್ತಾರೆ, ಬಂದವರಿಗೆ ಕೂರಲು ಹೇಳುತ್ತಾರೆ, ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ತೋರಿಸಿಕೊಳ್ಳಲು ಬಹಳ ಜಾಣತನ ಮಾಡುತ್ತಾರೆ. ವೆಂಕೋಬ ರಾಯರ ಮುಖದಲ್ಲಿ ಆ ಸೌಜನ್ಯದ ನಗುವಿದೆ. ಎದುರಿಗಿರುವವನು ಕೊಲೆಗಾರನೆಂದು ತಿಳಿಯದೆ ಮನುಷ್ಯನೆಂದು ಮಾತನಾಡಿಸುವ ಸಲೀಸುತನವಿದೆ. ಹಳೆಯದು ಗಟ್ಟಿಯಾಗಿ ಉಳಿದು, ಇವತ್ತಿನದು ಬೆರಳ ಸಂದಿಯ ನೀರಿನಂತೆ ಸೋರಿ ಹೋಗುವುದನ್ನೂ ಚಿತ್ರ ಸರಿಯಾಗಿಯೇ ತೋರಿಸಿದೆ. ಹೊಸ ನೆನಪನ್ನು ಕೂಡಿಡುವ ಮಿದುಳಿನ ಭಾಗಕ್ಕೇ ಈ ಕಾಯಿಲೆ ಸಾಮಾನ್ಯವಾಗಿ ಮೊದಲು ಕೈಹಾಕುತ್ತದೆಂದು ನಮಗೆ ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಮಂಡಗದ್ದೆಯ ಬಸ್ಸು ನೆನಪಿದ್ದು, ಬೆಳಗಿನ ಉಪ್ಪು ಮರೆತದ್ದು ಅದಕ್ಕೇ.

ಈಗ ಅಮ್ಮನ ಮಾತಿಗೆ ಬರುತ್ತೇನೆ. ಸಿನಿಮಾದ ಮಧ್ಯೆ ಜಾಹೀರಾತು ಬಂತು. ಅಮ್ಮ ಅಡಿಕೆ ಕತ್ತರಿ ಕೆಳಗಿಟ್ಟು, ನನ್ನ ಕಡೆ ನೋಡದೆ ಹೇಳಿದರು: “ನಂಗೂ ಹಂಗೇ ಆಗ್ತದೆ ಅನ್ಸುತ್ತೆ ಕಣೇ. ಆದ್ರೆ, ನನ್ನ ಎಲ್ಲಿಗೂ ಕಳಿಸ್ಬೇಡಿ. ಈ ಮನೇಲೇ ಇರ್ತೀನಿ. ಆ ಒಲೆ ಮುಂದೆ ಕೂತ್ಕೊಂಡ್ರೆ ನಂಗೆ ಎಲ್ಲ ಸರಿ ಇರ್ತದೆ.”

ಅದಕ್ಕೆ ನಾನು ಹೇಳಿದ್ದು: “ಸುಮ್ನಿರಮ್ಮ. ಹಬ್ಬದ ದಿನ ಎಂಥ ಮಾತು ಆಡ್ತೀಯ!”

ಅಮ್ಮ ಸುಮ್ಮನಾದರು. ಸಿನಿಮಾ ಮತ್ತೆ ಶುರುವಾಯಿತು.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. 2018ರ ಕೊನೆಗೆ ಪರೀಕ್ಷೆ ಮಾಡಿಸಿ, ಆಲ್ಝೈಮರ್ ಎಂದು ಗೊತ್ತಾಯಿತು. ಅಪ್ಪ ಅದಕ್ಕೆ ನಾಲ್ಕು ವರ್ಷ ಮೊದಲೇ ತೀರಿಕೊಂಡಿದ್ದರು. ಮನೆ ಮತ್ತು ಒಂದೂವರೆ ಎಕರೆ ತೋಟ ಇನ್ನೂ ಅವರ ಹೆಸರಿನಿಂದ ಬದಲಾಗಿರಲಿಲ್ಲ. ಅಣ್ಣ ಬೆಂಗಳೂರಿನಲ್ಲಿ, ನಾನು ಶಿವಮೊಗ್ಗದಲ್ಲಿ, ಅಮ್ಮನನ್ನು ನೋಡಿಕೊಂಡು ಊರಲ್ಲಿರುವವನು ತಮ್ಮ. ನಾವು ಮೂವರೂ ಜಗಳವಿಲ್ಲದೆ ಕೂತು ಮಾತಾಡಿ, ಮನೆ ತಮ್ಮನಿಗೆ ಎಂದು ತೀರ್ಮಾನಿಸಿದೆವು. ಅಣ್ಣ, ನಾನು, ಅಮ್ಮ ಮೂವರೂ ಹಕ್ಕು ಬಿಡುಗಡೆ ಪತ್ರ ಮಾಡಿಕೊಡುವುದೆಂದಾಯಿತು. 2019ರ ಫೆಬ್ರುವರಿಯಲ್ಲಿ ಒಂದು ಬೆಳಿಗ್ಗೆ, ಅಮ್ಮ ಗೆಲುವಾಗಿದ್ದ ದಿನ ನೋಡಿ, ನೋಂದಣಿ ಕಚೇರಿಗೆ ಕರೆದುಕೊಂಡು ಹೋದೆವು. ಗುಮಾಸ್ತರು ಹೆಸರು ಕೇಳಿದರು. ಅಮ್ಮ ಸರಿಯಾಗಿ ಹೇಳಿದರು. ಗಂಡನ ಹೆಸರು ಕೇಳಿದರು. ನಾಚಿಕೊಂಡು ಅದನ್ನೂ ಹೇಳಿದರು. ಒಪ್ಪಿಗೆಯೇ ಎಂದರು. ಹೂಂ ಎಂದರು. ಫೋಟೋ ಆಯಿತು, ಹೆಬ್ಬೆರಳ ಗುರುತಾಯಿತು. ಪುಟಪುಟಕ್ಕೂ ಅಮ್ಮ ತಮ್ಮ ದುಂಡು ಅಕ್ಷರದ ರುಜು ಹಾಕಿದರು. ಏಳನೇ ತರಗತಿ ಓದಿದ್ದ ಅಮ್ಮನಿಗೆ ರುಜುವಿನ ಮೇಲೆ ಬಹಳ ಅಭಿಮಾನ. ಕೊನೆಯ ಪುಟಕ್ಕೆ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿ, ನನ್ನ ಕೈಗೆ ಕೊಡುತ್ತಾ ಮೆಲ್ಲಗೆ ಕೇಳಿದರು: “ಲೆಕ್ಕದಲ್ಲಿ ಎಷ್ಟು ಬಂತೇ ಈ ಸಲ?”

ಅಪ್ಪ ದಿನವೆಲ್ಲ ಅಂಗಡಿಯಲ್ಲಿರುತ್ತಿದ್ದರಿಂದ ನಮ್ಮ ಪ್ರಗತಿ ಪತ್ರಕ್ಕೆ ರುಜು ಹಾಕುತ್ತಿದ್ದವರು ಅಮ್ಮನೇ. ಅವರು ಹಾಕಿದ್ದು ನನ್ನ ಐದನೇ ತರಗತಿಯ ಪ್ರಗತಿ ಪತ್ರಕ್ಕೆ. ನಾನು ಅಣ್ಣನ ಮುಖ ನೋಡಿದೆ, ಅಣ್ಣ ಕಿಟಕಿಯ ಕಡೆ ನೋಡಿದ. “ಅರವತ್ತೆರಡು ಬಂತಮ್ಮ” ಎಂದೆ. “ಪರವಾಗಿಲ್ಲ” ಎಂದರು. ಯಾರೂ ಏನೂ ಮಾತಾಡದೆ ಹೊರಗೆ ಬಂದು, ಎದುರಿನ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆವು.

ಮೋಸವೇನೂ ಆಗಲಿಲ್ಲ ಎಂದು ನಾವು ಸಮಾಧಾನ ಮಾಡಿಕೊಂಡೆವು. ತಮ್ಮ ಒಳ್ಳೆಯವನು, ಅವನ ಹೆಂಡತಿ ಇನ್ನೂ ಒಳ್ಳೆಯವಳು. ಆದರೆ 1872ರ ಒಪ್ಪಂದ ಕಾಯಿದೆ ಹೇಳುವುದನ್ನು ಆಮೇಲೆ ಓದಿ ತಿಳಿದುಕೊಂಡೆ. ಒಪ್ಪಂದ ಮಾಡುವ ಗಳಿಗೆಯಲ್ಲಿ ಅದೇನೆಂದು ಅರ್ಥ ಮಾಡಿಕೊಂಡು, ತನ್ನ ಹಿತಕ್ಕೆ ಅದರಿಂದ ಏನಾದೀತು ಎಂದು ತೂಗಿ ನೋಡುವ ಶಕ್ತಿಯಿದ್ದರೆ ಮಾತ್ರ ಅದು ಸ್ವಸ್ಥಚಿತ್ತದ ಒಪ್ಪಂದ. ಹೆಸರು ಹೇಳುವುದು ಬೇರೆ, ರುಜು ಹಾಕುವುದು ಬೇರೆ, ಅರ್ಥವಾಗುವುದು ಬೇರೆ. ಕೈ ಕಲಿತ ವಿದ್ಯೆ ಮನಸ್ಸು ಕಲಿತದ್ದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಹೂ ಕಟ್ಟುವುದು, ಅಡಿಕೆ ಸುಲಿಯುವುದು, ರುಜು ಹಾಕುವುದು ಎಲ್ಲ ಆ ಜಾತಿಗೆ ಸೇರಿದವು. ಅಮ್ಮನ ರುಜು ಸರಿಯಾಗಿತ್ತು, ರುಜುವಿನ ಹಿಂದೆ ಅಮ್ಮ ಇರಲಿಲ್ಲ.

ಆ ಬೇಸಿಗೆಯಲ್ಲಿ ತಮ್ಮ ಮನೆ ರಿಪೇರಿಗೆ ಕೈಹಾಕಿದ. ಅಮ್ಮನಿಗೇ ಅನುಕೂಲವಾಗಲೆಂದು ಮಾಡಿದ್ದು. ರಾತ್ರಿ ಹಿತ್ತಲಿಗೆ ಹೋಗಿ ಜಾರಿ ಬೀಳಬಾರದಲ್ಲ. ಹೊಗೆ ಹಿಡಿದ ಹಳೆಯ ಅಡಿಗೆಮನೆ ಹೋಗಿ ಅಲ್ಲಿ ಬಿಳಿ ಟೈಲ್ಸಿನ ಬಚ್ಚಲುಮನೆ ಬಂತು. ಗ್ರಾನೈಟ್ ಕಟ್ಟೆಯ ಹೊಸ ಅಡಿಗೆಮನೆ ಮುಂದಿನ ಭಾಗಕ್ಕೆ ಬಂತು. ಒಲೆ ಹೋಯಿತು. ಹಿತ್ತಲ ಬಾಗಿಲು ಗೋಡೆಯಾಯಿತು. 1963ರಲ್ಲಿ ಮದುವೆಯಾಗಿ ಬಂದಂದಿನಿಂದ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಒಲೆ ಹೊತ್ತಿಸಿದವರು ಅಮ್ಮ. ಅದೇ ಹೊತ್ತಿಗೆ ಎದ್ದು, ಅದೇ ಹದಿನಾಲ್ಕು ಹೆಜ್ಜೆ ಕತ್ತಲಲ್ಲಿ ನಡೆದು ಹೋಗಿ, ಬಚ್ಚಲಲ್ಲಿ ನಿಂತು ಬೆಂಕಿಪೊಟ್ಟಣ ಹುಡುಕುತ್ತಿದ್ದರಂತೆ. ಸಿಗದೆ, “ಇದು ಯಾರ ಮನೆ? ನಮ್ಮನೆಗೆ ಹೋಗಣ ನಡೀರಿ” ಎಂದು ಅಳುತ್ತಿದ್ದರಂತೆ. ಐವತ್ತಾರು ವರ್ಷ ಬಾಳಿದ ಮನೆಯೊಳಗೇ ಅಮ್ಮ ಕಳೆದುಹೋದರು. ಅದಕ್ಕೆ ರುಜು ಹಾಕಿಸಿಕೊಂಡವರು ನಾವು.

ಈ ಕಾರಣಕ್ಕೆ ನಾನು ಆ ಸಿನಿಮಾವನ್ನು ಮತ್ತೆ ಎರಡು ಸಲ ನೋಡಿದೆ. ನೋಡಿದಂತೆಲ್ಲ ಅದರ ಗುಣದ ಜೊತೆಗೆ ಕೊರತೆಯೂ ಕಾಣತೊಡಗಿತು.

ಮೊದಲನೆಯದು, ವೆಂಕೋಬ ರಾಯರು ಕಳೆದುಹೋಗುವುದು ಬೀದಿಯಲ್ಲಿ. ಬೀದಿಯಲ್ಲಿ ಕಳೆದುಹೋದವರನ್ನು ಹುಡುಕಬಹುದು. ಭಿತ್ತಿಪತ್ರ ಅಂಟಿಸಬಹುದು, ಪೊಲೀಸರಲ್ಲಿಗೆ ಹೋಗಬಹುದು, ಬಂದೂಕಿನ ಪ್ರಸಂಗವನ್ನೂ ಸೇರಿಸಿ ಪ್ರೇಕ್ಷಕರನ್ನು ಕುರ್ಚಿಯ ತುದಿಗೆ ತರಬಹುದು. ಸಿಕ್ಕಿದಾಗ ಕಣ್ಣೀರೂ ಬರುತ್ತದೆ, ಕತೆಯೂ ಮುಗಿಯುತ್ತದೆ. ಮನೆಯೊಳಗೆ ಕಳೆದುಹೋದವರು ಎದುರಿಗೇ ಕೂತಿರುತ್ತಾರೆ. ಅವರು ಸಿಕ್ಕುವ ಕೊನೆಯ ದೃಶ್ಯವೆಂಬುದಿಲ್ಲ. ಸಿನಿಮಾ ಮುಗಿಯುವಲ್ಲಿಗೆ ಮಗ ಬದಲಾಗಿದ್ದಾನೆ, ನಮಗೆ ಸಂತೋಷ. ಮಾರನೆಯ ದಿನದಿಂದ ಆ ಮಗ ಅಪ್ಪನಿಗೆ ಸ್ನಾನ ಮಾಡಿಸಬೇಕು, ಒದ್ದೆಯಾದ ಪಂಚೆ ಬದಲಿಸಬೇಕು, ಒಂದೇ ಪ್ರಶ್ನೆಗೆ ನಲವತ್ತು ಸಲ ಉತ್ತರ ಹೇಳಬೇಕು. ಅಲ್ಲಿಂದ ಶುರುವಾಗಬೇಕಾದ ಕತೆ ಅಲ್ಲಿಗೇ ನಿಲ್ಲುತ್ತದೆ.

ಎರಡನೆಯದು ಹೆಂಗಸರ ಮಾತು. ಈ ಚಿತ್ರದಲ್ಲಿ ತಾಯಿ ತೀರಿಕೊಂಡಿದ್ದಾಳೆ. ಸುಂದರವಾದ ನೆನಪಾಗಿ ಮಾತ್ರ ಇದ್ದಾಳೆ. ಸೊಸೆ ಇಲ್ಲ, ಮಗಳಿಲ್ಲ. ನೋಡಿಕೊಳ್ಳುವವಳು ಸಂಬಳಕ್ಕಿರುವ ಡಾಕ್ಟರ್, ಅವಳೂ ಬಹಳ ಒಳ್ಳೆಯವಳು. ಆದರೆ ನಮ್ಮೂರುಗಳಲ್ಲಿ ನೋಡಿಕೊಳ್ಳುವವರು ಯಾರು? ಅಣ್ಣ ತಿಂಗಳು ತಿಂಗಳು ಹಣ ಕಳಿಸಿದ. ನಾನು ಭಾನುವಾರ ಹಣ್ಣು ತೆಗೆದುಕೊಂಡು ಹೋದೆ. ತಮ್ಮ ಔಷಧಿ ತಂದ. ಮೂರು ವರ್ಷ ಅಮ್ಮನ ಮೈ ಒರೆಸಿ, ತಲೆ ಬಾಚಿ, ಬೈಗುಳ ತಿಂದು, ರಾತ್ರಿ ಪಕ್ಕದಲ್ಲಿ ಮಲಗಿದವಳು ತಮ್ಮನ ಹೆಂಡತಿ. ಆ ಬಿಡುಗಡೆ ಪತ್ರದ ಯಾವ ಪುಟದಲ್ಲೂ ಅವಳ ಹೆಸರಿಲ್ಲ. ಮನೆಯನ್ನು ಹೇಗೆ ಕಟ್ಟಬೇಕೆಂದು ಕೂಡ ಯಾರೂ ಅವಳನ್ನು ಕೇಳಲಿಲ್ಲ. “ಒಲೆ ಇರ್ಲಿ ಬಿಡಿ ಅಂತ ನಾನು ಹೇಳ್ಬೇಕು ಅಂದ್ಕೊಂಡಿದ್ದೆ ಅತ್ತಿಗೆ. ನನ್ನ ಮಾತು ಯಾರು ಕೇಳ್ತಾರೆ ಅಂತ ಸುಮ್ನಾದೆ” ಎಂದು ಆಮೇಲೆ ನನ್ನ ಹತ್ತಿರ ಹೇಳಿದಳು.

2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಅಂದಾಜಿನಂತೆ ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಬಗೆಯ ಮರೆವಿನ ಕಾಯಿಲೆಗಳಿವೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಹೆಚ್ಚು. ಹಾಗಿದ್ದೂ ನಮ್ಮ ಪರದೆಯ ಮೇಲೆ ಮರೆಯುವವರು ಬಹುಪಾಲು ಪಟ್ಟಣದ, ಓದಿದ ಗಂಡಸರೇ. ಮರಾಠಿಯ ‘ಅಸ್ತು’ ಎಂಬ ಚಿತ್ರವಿದೆ. ಸುಮಿತ್ರಾ ಭಾವೆ ಮತ್ತು ಸುನಿಲ್ ಸುಖ್ತಣಕರ್ ಸೇರಿ ಮಾಡಿದ್ದು. ಅಲ್ಲಿಯೂ ಕಳೆದುಹೋಗುವವರು ಒಬ್ಬ ಸಂಸ್ಕೃತ ವಿದ್ವಾಂಸರು. ಆನೆಯೊಂದನ್ನು ನೋಡಿ ಅದರ ಹಿಂದೆ ಹೊರಟುಬಿಡುತ್ತಾರೆ. ಆದರೆ ಆ ಚಿತ್ರದಲ್ಲಿ ಮಗಳಿದ್ದಾಳೆ, ಅವಳಿಗೆ ಸಂಸಾರವಿದೆ, ಅಪ್ಪನನ್ನು ಎಲ್ಲಿಡಬೇಕೆಂಬ ಇಕ್ಕಟ್ಟಿದೆ. ಮಾವುತನ ಹೆಂಡತಿ ಚನ್ನಮ್ಮ ಎಂಬುವಳು ಆ ವಿದ್ವಾಂಸರನ್ನು ಮಗುವಿನಂತೆ ಸಂಭಾಳಿಸುತ್ತಾಳೆ. ಆ ಪಾತ್ರ ಮಾಡಿದ ಅಮೃತಾ ಸುಭಾಷ್ ಅವರಿಗೆ ಅತ್ಯುತ್ತಮ ಪೋಷಕ ನಟಿ ಎಂದು ರಾಷ್ಟ್ರ ಪ್ರಶಸ್ತಿ ಬಂತು. ನೋಡಿಕೊಳ್ಳುವ ಕೈಗಳನ್ನು ಅಷ್ಟಾದರೂ ತೋರಿಸಿತು ಎಂಬುದಕ್ಕೆ ನನಗೆ ‘ಅಸ್ತು’ ಹೆಚ್ಚು ಹತ್ತಿರದ್ದು.

ಮರೆಯುವ ಅಜ್ಜಿಗೆ ನಮ್ಮ ಸಾಹಿತ್ಯದಲ್ಲೂ ಜಾಗ ಕಡಿಮೆ. ನಮಗೆ ನೆನಪಿಟ್ಟುಕೊಳ್ಳುವ ಅಜ್ಜಿ ಬೇಕು. ಕಾರಂತರ ‘ಮೂಕಜ್ಜಿಯ ಕನಸುಗಳು’ 1968ರದು, ಅದಕ್ಕೆ 1977ರಲ್ಲಿ ಜ್ಞಾನಪೀಠ ಬಂತು. ಎಷ್ಟೋ ವರ್ಷ ಮಕ್ಕಳಿಗೆ ಅದರ ಬಗ್ಗೆ ಹೇಳಿದ್ದೇನೆ. ಮೂಕಜ್ಜಿ ತನ್ನ ಬದುಕನ್ನಷ್ಟೇ ಅಲ್ಲ, ಒಂದು ವಸ್ತುವನ್ನು ಮುಟ್ಟಿದರೆ ತಾನು ಹುಟ್ಟುವುದಕ್ಕೂ ಹಿಂದಿನದನ್ನು ಕಾಣಬಲ್ಲವಳು. ಮೊಮ್ಮಗ ಸುಬ್ಬರಾಯ ಕೇಳುತ್ತಾನೆ, ಅವಳು ಹೇಳುತ್ತಾಳೆ. ದೊಡ್ಡ ಕೃತಿ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಅಮ್ಮನ ಕೊನೆಯ ದಿನಗಳಲ್ಲಿ ನನಗೆ ಬೇರೆಯದೇ ಒಂದು ವಿಷಯ ಅದರಲ್ಲಿ ಕಾಣಿಸಿತು. ಸುಬ್ಬರಾಯ ಮಾಡಿದ ದೊಡ್ಡ ಕೆಲಸವೆಂದರೆ ಕೇಳಿದ್ದು. ಊರವರು ಅರಳುಮರಳು ಎಂದು ಬಿಟ್ಟಿದ್ದ ಮುದುಕಿಯ ಮಾತಿಗೆ ಅವನು ಕಿವಿಗೊಟ್ಟ. ನಾನು ಬಿ.ಎ., ಬಿ.ಎಡ್. ಮಾಡಿ, ಆ ಕಾದಂಬರಿಯ ಮೇಲೆ ಪ್ರಶ್ನೆಪತ್ರಿಕೆಯನ್ನೂ ತೆಗೆದು, ನನ್ನಮ್ಮ ಬಾಯಿ ಬಿಟ್ಟಾಗ ‘ಸುಮ್ನಿರು’ ಎಂದೆ.

‘ಅರಳುಮರಳು’ ಎಂಬ ಮಾತಿನ ಬಗ್ಗೆಯೂ ಒಂದು ಮಾತು. ಬೇಂದ್ರೆಯವರು ಅರವತ್ತರ ಹೊತ್ತಿಗೆ ತಮ್ಮ ಸಂಕಲನಕ್ಕೆ ಆ ಹೆಸರಿಟ್ಟು, ಮರಳಿ ಅರಳುವುದು ಎಂಬ ಅರ್ಥವನ್ನೂ ಅದಕ್ಕೆ ಕೊಟ್ಟರು. ಅದಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕವಿಯ ಕೈಯಲ್ಲಿ ಅರಳಿದ ಮಾತು ನಮ್ಮ ಮನೆಗಳಲ್ಲಿ ಬಾಯಿ ಮುಚ್ಚಿಸುವ ಮಾತಾಗಿಯೇ ಉಳಿದಿದೆ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ನಕ್ಕು ಬಿಡುತ್ತೇವೆ. ಹಾಗೆ ನಗುತ್ತ ಕಳೆದ ಒಂದು ವರ್ಷ, ಕಾಯಿಲೆಯವರ ಬುದ್ಧಿ ಇನ್ನೂ ಸ್ವಾಧೀನದಲ್ಲಿರುವ ಕೊನೆಯ ವರ್ಷವಾಗಿರಬಹುದು. ನಮ್ಮ ಮನೆಯಲ್ಲಿ ಹಾಗೇ ಆಯಿತು.

ಈ ಚಿತ್ರದ ಬಗ್ಗೆ ನನ್ನ ಮುಖ್ಯವಾದ ಆಕ್ಷೇಪವೂ ಅದೇ. ಕತೆ ಶುರುವಾಗುವಾಗಲೇ ವೆಂಕೋಬ ರಾಯರು ಆರೈಕೆ ಕೇಂದ್ರದಲ್ಲಿದ್ದಾರೆ. ಅಲ್ಲಿಗೆ ಅವರನ್ನು ಸೇರಿಸಿದ ದಿನ ಏನಾಯಿತು? ಯಾರು ನಿರ್ಧರಿಸಿದರು? ಅವರಿಗೆ ಇಷ್ಟವಿತ್ತೇ ಎಂದು ಅವರನ್ನೇ ಕೇಳಬಹುದಾಗಿದ್ದ ಕಾಲ ಒಂದಿತ್ತಲ್ಲ, ಆಗ ಕೇಳಿದರೇ? ಮಗನ ತಪ್ಪು ಅಪ್ಪನ ಕೈಬಿಟ್ಟ ಆ ಒಂದು ಗಳಿಗೆಯಲ್ಲಿದೆ ಎಂಬಂತೆ ಚಿತ್ರ ನಡೆಯುತ್ತದೆ. ನನ್ನ ಲೆಕ್ಕದಲ್ಲಿ ತಪ್ಪು ಅದಕ್ಕೂ ಹಿಂದಿನದು, ಕೇಳದೆ ಬಿಟ್ಟ ತಿಂಗಳುಗಳದ್ದು. ಆರೈಕೆ ಕೇಂದ್ರದಲ್ಲಿಡುವುದೇ ಪಾಪವೆಂದು ನಾನು ಹೇಳುತ್ತಿಲ್ಲ. ಕೆಲವರಿಗೆ ಅದೇ ಸರಿ, ನೋಡಿಕೊಳ್ಳುವವರ ಜೀವವೂ ಜೀವವೇ. ನನ್ನ ದೂರು ಇಷ್ಟೇ: ಕೇಳಬಹುದಾಗಿದ್ದ ಕಾಲವನ್ನು ನಮ್ಮ ಕತೆಗಳು ತೋರಿಸುವುದಿಲ್ಲ. ಅಲ್ಲಿ ಬಂದೂಕಿಲ್ಲ, ಓಟವಿಲ್ಲ, ಹಾಡಿಗೆ ಅವಕಾಶವಿಲ್ಲ. ಅಡಿಕೆ ಕತ್ತರಿ ಕೆಳಗಿಟ್ಟು ಆಡಿದ ಒಂದು ಮಾತಿದೆ, ಅಷ್ಟೇ.

ಕೇಳುವುದೆಂದರೆ ಏನು ಕೇಳುವುದು ಎಂದು ಓದುಗರು ಕೇಳಬಹುದು. ತಡವಾಗಿಯಾದರೂ ನಾನು ಕಲಿತದ್ದನ್ನು ಹೇಳುತ್ತೇನೆ. ಉಯಿಲನ್ನು ಬುದ್ಧಿ ಸ್ವಾಧೀನದಲ್ಲಿರುವಾಗ ಬರೆಯಬೇಕು, ಇಬ್ಬರು ಸಾಕ್ಷಿಗಳು ಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಆ ಹೊತ್ತಿಗೆ ಡಾಕ್ಟರ ಒಂದು ಪತ್ರವಿದ್ದರೆ ಮುಂದೆ ತಕರಾರಿಗೆ ಎಡೆ ಕಡಿಮೆ. ಬ್ಯಾಂಕಿನಲ್ಲಿ ನಾಮಿನಿ ಎಂದು ಹೆಸರಿದ್ದ ಮಾತ್ರಕ್ಕೆ ಹಣ ಅವರದೇ ಆಗುವುದಿಲ್ಲ, ಅವರು ಪಡೆದು ವಾರಸುದಾರರಿಗೆ ಸಲ್ಲಿಸಬೇಕಾದವರು. ಅಧಿಕಾರ ಪತ್ರ ಬರೆಸಿಕೊಂಡಿದ್ದೇವೆ, ಇನ್ನೇನು ಭಯ ಎಂದು ಅನೇಕರು ತಿಳಿದಿದ್ದಾರೆ. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಪತ್ರವೂ ಅಲ್ಲಿಗೇ ಮುಗಿಯಿತು ಎಂಬುದೂ ಅದೇ ಹಳೆಯ ಕಾಯಿದೆಯಲ್ಲಿದೆ. ಮಕ್ಕಳಿಗೆ ಆಸ್ತಿ ದಾನ ಮಾಡುವವರು ‘ನನ್ನನ್ನು ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿದರೆ, ನೋಡಿಕೊಳ್ಳದಿದ್ದಾಗ ಆ ದಾನವನ್ನು ರದ್ದುಪಡಿಸಲು 2007ರ ಹಿರಿಯ ನಾಗರಿಕರ ಕಾಯಿದೆಯಲ್ಲಿ ದಾರಿಯಿದೆ. ಗುಣವಾಗುವ ಆಸೆಯಿಲ್ಲದ ಕೊನೆಗಾಲದಲ್ಲಿ ಯಂತ್ರಗಳ ಮೇಲೆ ಉಸಿರು ಹಿಡಿದಿಡುವುದು ಬೇಕೋ ಬೇಡವೋ ಎಂದು ಮೊದಲೇ ಬರೆದಿಡಲು 2018ರಲ್ಲಿ ಸುಪ್ರೀಂ ಕೋರ್ಟು ಅವಕಾಶ ಕೊಟ್ಟಿತು. 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು, ಈಗ ಇಬ್ಬರು ಸಾಕ್ಷಿಗಳೊಡನೆ ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ಮುಂದೆ ಮಾಡಬಹುದು. ಆ ತೀರ್ಪನ್ನು ಜಾರಿಗೆ ತರಲು ನಮ್ಮ ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು.

ಇವೆಲ್ಲ ಕಾಗದದ ಮಾತು. ಕಾಗದಕ್ಕೆ ಸಿಕ್ಕದ್ದನ್ನೂ ಕೇಳಬೇಕು. ಮನೆಯಲ್ಲಿ ಯಾವುದನ್ನು ಮುಟ್ಟಬಾರದು, ಯಾರ ಕೈಯಲ್ಲಿ ಸ್ನಾನ ಮಾಡಿಸಿಕೊಳ್ಳಲು ಸಂಕೋಚವಿಲ್ಲ, ಯಾವ ಹಾಡು ಹಾಕಿದರೆ ಸಮಾಧಾನ, ಮನೆಯಲ್ಲಿ ಕೈಲಾಗದೆ ಹೋದರೆ ಎಲ್ಲಿಗೆ. ಅಮ್ಮ ಇದರಲ್ಲಿ ಎರಡಕ್ಕೆ ನಾನು ಕೇಳದೆಯೇ ಉತ್ತರ ಹೇಳಿದ್ದರು. ಒಂದು ಒಲೆಗೆ ಲಕ್ಷಗಟ್ಟಲೆ ಖರ್ಚಿರಲಿಲ್ಲ. ಬಚ್ಚಲನ್ನು ಆಚೆ ಪಕ್ಕಕ್ಕೆ ಕಟ್ಟಿದ್ದರೆ ಸಾಕಿತ್ತು.

ಅಮ್ಮ 2022ರಲ್ಲಿ ಹೋದರು. ಕೊನೆಯ ವರ್ಷ ತಮ್ಮನ ಹೆಂಡತಿ ಒಂದು ಉಪಾಯ ಮಾಡಿದ್ದಳು. ಹಿಂದಿನ ಜಗಲಿಯ ಮೂಲೆಯಲ್ಲಿ ಮೂರು ಕಲ್ಲಿಟ್ಟು, ಸಂಜೆ ನಾಲ್ಕು ಕಡ್ಡಿ ಹೊತ್ತಿಸಿ, ಅಮ್ಮನನ್ನು ಎದುರಿಗೆ ಕೂರಿಸುತ್ತಿದ್ದಳು. ಅಮ್ಮ ಆಗ ಅಳುತ್ತಿರಲಿಲ್ಲವಂತೆ. ಕಡ್ಡಿ ಮುಂದೆ ದೂಡುತ್ತಾ ಕೂರುತ್ತಿದ್ದರಂತೆ. ನಾನು ಒಂದು ಭಾನುವಾರ ಅದನ್ನು ನೋಡಿದೆ. ಅಮ್ಮನಿಗೆ ನಾನು ಯಾರೆಂದು ತಿಳಿಯಲಿಲ್ಲ. “ಬನ್ನಿ, ಕೂತ್ಕೊಳಿ, ಚಳಿ ಇದೆ” ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ವೆಂಕೋಬ ರಾಯರ ಅದೇ ಸೌಜನ್ಯದ ನಗು.

ಹಾಗಾದರೆ ಆ ಸಿನಿಮಾಕ್ಕೆ ಎಷ್ಟು ಅಂಕ ಎಂದು ನನ್ನ ಶಿಷ್ಯರು ಕೇಳಿಯಾರು. ಕೊರತೆಗಳನ್ನೆಲ್ಲ ಹೇಳಿದ ಮೇಲೂ ನಾನು ಅದಕ್ಕೆ ಮೊದಲ ದರ್ಜೆಯನ್ನೇ ಕೊಡುತ್ತೇನೆ. ಅದನ್ನು ನೋಡುತ್ತಿದ್ದಾಗಲೇ ಅಲ್ಲವೇ ಅಮ್ಮ ಬಾಯಿ ಬಿಟ್ಟದ್ದು? ಮನೆಯವರು ಒಬ್ಬರಿಗೊಬ್ಬರು ಕೇಳಲಾರದ್ದನ್ನು ಟಿ.ವಿ.ಯ ಕಡೆ ಮುಖ ಮಾಡಿ ಹೇಳಲು ಒಂದು ಕತೆ ದಾರಿ ಮಾಡಿಕೊಟ್ಟರೆ ಅದು ಸಣ್ಣ ಕೆಲಸವಲ್ಲ. ಸಿನಿಮಾ ತನ್ನ ಪಾಲಿನದನ್ನು ಮಾಡಿತು. ಅದು ತೆರೆದ ಬಾಗಿಲನ್ನು ಮುಚ್ಚಿದವಳು ನಾನು.

ನನಗೀಗ ಐವತ್ತಾರು. ನಿವೃತ್ತಿಗೆ ಇನ್ನು ನಾಲ್ಕು ವರ್ಷ. ಹೋದ ತಿಂಗಳು ಹಾಜರಿ ಕರೆಯುವಾಗ, ಮೂರು ವರ್ಷದಿಂದ ನನ್ನ ತರಗತಿಯಲ್ಲಿರುವ ಹುಡುಗಿಯ ಹೆಸರು ಬಾಯಿಗೆ ಬರದೆ ಒಂದು ನಿಮಿಷ ನಿಂತೆ. ಏನೂ ಆಗಿರಲಾರದು, ಎಲ್ಲರಿಗೂ ಆಗುವಂಥದ್ದೇ. ಆದರೂ ಆವತ್ತು ಸಂಜೆ ಮನೆಗೆ ಬಂದವಳೇ ಒಂದು ನೋಟ್‌ಬುಕ್ಕು ತೆಗೆದು, ಎಲ್ಲೆಲ್ಲಿ ಏನೇನಿದೆ, ನನಗೆ ಏನು ಬೇಕು, ಏನು ಬೇಡ ಎಂದು ನಾಲ್ಕು ಪುಟ ಬರೆದೆ. ಭಾನುವಾರ ಮಗ ಸೊಸೆ ಬಂದಾಗ ಮುಂದಿಟ್ಟೆ. ಮಗ ಮೊದಲ ಪುಟ ನೋಡಿದವನೇ, “ಸುಮ್ನಿರಮ್ಮ, ಈಗ್ಯಾಕೆ ಇದೆಲ್ಲ?” ಎಂದ. ಅವೇ ಮಾತು, ಅದೇ ದನಿ.

“ಈಗಲೇ ಕಣೋ. ಕೂತ್ಕೊ” ಎಂದೆ. ಸೊಸೆಗೂ ಹೇಳಿದೆ, “ನೀನೂ ಬಾರಮ್ಮ, ನಿನ್ನ ಬಿಟ್ಟು ಇದು ಆಗೋದಲ್ಲ.”

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡಿಗೆಮನೆಯಿಂದ ಬಂದಳು. ಮಗ ಟಿ.ವಿ. ಆರಿಸಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ.